ಜಲಾಶಯದ ಮೇಲೆ ಸೌರ ಸ್ಥಾವರ: ನೀರು ಕಲಿಸಿದ ಪಾಠಗಳು

ತೆಲಂಗಾಣದ ರಾಮಗುಂಡಂನಲ್ಲಿ ಎನ್‌ಟಿಪಿಸಿಯ ಉಷ್ಣ ವಿದ್ಯುತ್ ಸ್ಥಾವರಕ್ಕೆ ನೀರು ಕೊಡುವ ಜಲಾಶಯವಿದೆ. ಅದರ ಮೇಲೆ ಕಟ್ಟಿದ 100 ಮೆಗಾವ್ಯಾಟಿನ ತೇಲುವ ಸೌರ ಸ್ಥಾವರ 2022ರ ಜುಲೈ 1ರಂದು ಪೂರ್ತಿಯಾಗಿ ಚಾಲೂ ಆಯಿತು. 423 ಕೋಟಿ ರೂಪಾಯಿಯ ಕೆಲಸ, ಕಟ್ಟಿದ್ದು ಬಿಎಚ್‌ಇಎಲ್. 500 ಎಕರೆ ನೀರಿನ ಮೇಲೆ 40 ಬ್ಲಾಕುಗಳು. ಒಂದೊಂದು ಬ್ಲಾಕು ಎರಡೂವರೆ ಮೆಗಾವ್ಯಾಟಿನದು, ಒಂದೊಂದರಲ್ಲೂ 11,200 ಪ್ಯಾನೆಲ್. ನೋಡಲು ಬಂದವರು ಆ ವಿಸ್ತಾರಕ್ಕೆ ಬೆರಗಾಗುತ್ತಾರೆ, ಆಗಬೇಕಾದ್ದೇ. ಈ ಕಸುಬಿನವರ ಕಣ್ಣು ಮಾತ್ರ ಬ್ಲಾಕಿನ ಅಂಚಿಗೆ ಹೋಗುತ್ತದೆ. ಅಲ್ಲಿಂದ ಹಗ್ಗಗಳು ಓರೆಯಾಗಿ ನೀರಿಗಿಳಿದು, ತಳದಲ್ಲಿ ಕೂತ ಕಾಂಕ್ರೀಟ್ ದಿಮ್ಮಿಗಳನ್ನು ಸೇರುತ್ತವೆ. ಸ್ಥಾವರ ಇಪ್ಪತ್ತೈದು ವರ್ಷ ನಿಲ್ಲುತ್ತದೋ, ಒಂದು ಬೇಸಿಗೆಯ ಬಿರುಗಾಳಿಗೆ ಮುದುಡಿ ದಡಕ್ಕೆ ಬೀಳುತ್ತದೋ ಎಂಬುದು ತೀರ್ಮಾನವಾಗುವುದು ಆ ಕಾಣದ ಜಾಗದಲ್ಲಿ.

ನಾನು ಒಣನೆಲದ ಸೌರ ಸ್ಥಾವರಗಳಲ್ಲಿ ಕೆಲಸ ಕಲಿತು ಆಮೇಲೆ ಜಲಾಶಯಗಳಿಗೆ ಬಂದವನು. ಪಾವಗಡದಂಥ ಕಡೆ ಪ್ಯಾನೆಲ್ ಹೊರುವ ಕಂಬವನ್ನು ನೆಲಕ್ಕೆ ಹೊಡೆದರೆ ಅದು ಹೊಡೆದಲ್ಲೇ ಇರುತ್ತದೆ. ನೀರಿನಲ್ಲಿ ಯಾವುದೂ ಇಟ್ಟಲ್ಲಿ ಇರುವುದಿಲ್ಲ. ಇದು ವಿದ್ಯುತ್ತಿನ ಕೆಲಸಕ್ಕಿಂತ ಮೊದಲು ನೀರಿನ ಕೆಲಸ ಎಂದು ಆರಂಭದಲ್ಲೇ ಒಪ್ಪಿಕೊಂಡ ತಂಡಗಳು ನೆಟ್ಟಗೆ ಕೆಲಸ ಮುಗಿಸಿದ್ದನ್ನು ಕಂಡಿದ್ದೇನೆ. ಮುಂದಿನ ಪಾಠಗಳೆಲ್ಲ ಈ ಒಂದು ಮಾತಿನ ಸುತ್ತಲಿನವು.

1. ಮೊದಲು ಕೇಳಬೇಕಾದದ್ದು ನೀರಿನ ಮಟ್ಟದ ರಿಜಿಸ್ಟರ್

ಪ್ರತಿ ಅಣೆಕಟ್ಟಿನ ಕಚೇರಿಯಲ್ಲೂ ದಿನದಿನದ ನೀರಿನ ಮಟ್ಟ ಬರೆದಿಡುವ ರಿಜಿಸ್ಟರ್ ಇರುತ್ತದೆ. ಸಾಧ್ಯವಾದಷ್ಟು ಹಳೆಯ ವರ್ಷಗಳದ್ದನ್ನು ತೆಗೆಸಿ ನೋಡಬೇಕು. ಕೆಆರ್‌ಎಸ್‌ಗೆ 124.80 ಅಡಿ, ತುಂಗಭದ್ರೆಗೆ 1,633 ಅಡಿ, ಲಿಂಗನಮಕ್ಕಿಗೆ 1,819 ಅಡಿ ಎಂದು ಪತ್ರಿಕೆ ಓದುವ ಎಲ್ಲರಿಗೂ ಬಾಯಿಪಾಠ. ಅವೆಲ್ಲ ತುಂಬಿದಾಗಿನ ಅಂಕಿಗಳು. ತೇಲುವ ಸ್ಥಾವರಕ್ಕೆ ಬೇಕಾದದ್ದು ಇನ್ನೊಂದು ತುದಿಯ ಅಂಕಿ: ಕೆಟ್ಟ ವರ್ಷದ ಮೇ ತಿಂಗಳಲ್ಲಿ ನೀರು ಎಲ್ಲಿಗೆ ಇಳಿದಿತ್ತು? ಆಗ ಉಳಿದ ನೀರಿನ ಹರವು ಎಷ್ಟು, ಆಳ ಎಷ್ಟು?

ನೀರಾವರಿ ಜಲಾಶಯಗಳಲ್ಲಿ ಈ ಎರಡು ತುದಿಗಳ ನಡುವಿನ ಅಂತರ ದೊಡ್ಡದು. ಬೇಸಿಗೆಯಲ್ಲಿ ಹಿನ್ನೀರಿನ ಬಹುಭಾಗ ಬಯಲಾಗುತ್ತದೆ. ಪ್ಯಾನೆಲ್ ಹೊರುವ ಪ್ಲಾಸ್ಟಿಕ್ ಫ್ಲೋಟುಗಳು ಅಂಥ ಕಡೆ ನೆಲಕ್ಕೆ ಕೂತರೆ ಸಮತಟ್ಟಾಗಿ ಕೂರುವುದಿಲ್ಲ. ಒಂದು ಬಂಡೆಯ ಮೇಲೆ, ಪಕ್ಕದ್ದು ಗುಂಡಿಯಲ್ಲಿ. ಎರಡನ್ನೂ ಜೋಡಿಸುವ ಕಿವಿ ಅಲ್ಲಿಯೇ ಮುರಿಯುತ್ತದೆ. ಉಷ್ಣ ಸ್ಥಾವರಗಳ ಜಲಾಶಯದಲ್ಲಿ ನೀರನ್ನು ಬೇಕೆಂದೇ ಒಂದು ಮಟ್ಟದಲ್ಲಿ ಕಾಯ್ದುಕೊಳ್ಳುತ್ತಾರೆ. ರಾಮಗುಂಡಂ, ವಿಶಾಖಪಟ್ಟಣದ ಬಳಿಯ ಸಿಂಹಾದ್ರಿಯಂಥ ಕಡೆ ದೇಶದ ದೊಡ್ಡ ಸ್ಥಾವರಗಳು ಮೊದಲು ಬಂದದ್ದಕ್ಕೆ ಇದೂ ಒಂದು ಕಾರಣ ಎಂದು ನನ್ನ ಎಣಿಕೆ. ಮಟ್ಟ ಏರಿಳಿಯುವಲ್ಲಿ ಕಟ್ಟಲಾಗದು ಎಂದಲ್ಲ. ಕಬಿನಿಯ ಉಪನದಿಗೆ ಕಟ್ಟಿದ ವಯನಾಡಿನ ಬಾಣಾಸುರ ಸಾಗರದಲ್ಲಿ ಕೇರಳದವರು 2017ರಲ್ಲೇ 500 ಕಿಲೋವ್ಯಾಟಿನ ಸ್ಥಾವರವನ್ನು ಫೆರೋಸಿಮೆಂಟಿನ ತೆಪ್ಪಗಳ ಮೇಲೆ ತೇಲಿಸಿದರು. ಆದರೆ ಏರಿಳಿತ ಹೆಚ್ಚಿದಷ್ಟೂ ಹಗ್ಗ, ಕೇಬಲ್, ದುಡ್ಡು ಮೂರೂ ಹೆಚ್ಚುತ್ತವೆ.

2. ತಳದ ನಕ್ಷೆ ಯಂತ್ರದಿಂದ ಬರಲಿ, ಆದರೆ ಅದನ್ನು ಮೀನುಗಾರರ ಮುಂದೆ ಹರಡಿ

ದೋಣಿಗೆ ಎಕೋ ಸೌಂಡರ್ ಕಟ್ಟಿ, ಗೆರೆ ಗೆರೆಯಾಗಿ ಓಡಾಡಿ ತಳದ ನಕ್ಷೆ ತೆಗೆಯುತ್ತಾರೆ. ಅದಿಲ್ಲದೆ ಏನೂ ಆಗದು. ಆದರೆ ಶಬ್ದದ ಅಲೆಗೆ ಮೆತ್ತನೆ ಹೂಳೂ ತಳವೇ. ಹೂಳಿನ ಕೆಳಗೆ ಏನಿದೆ, ಗಟ್ಟಿ ನೆಲ ಎಷ್ಟು ಕೆಳಗಿದೆ ಎಂದು ತಿಳಿಯಲು ಸಲಾಕೆ ಇಳಿಸಿ ನೋಡಬೇಕು, ಮಣ್ಣಿನ ಮಾದರಿ ಎತ್ತಬೇಕು.

ಒಂದು ಸೈಟಿನಲ್ಲಿ ನಕ್ಷೆಯ ಮೂಲೆಯಲ್ಲಿ ಉದ್ದನೆಯ ಸಣ್ಣ ಉಬ್ಬೊಂದು ಬಂದಿತ್ತು. ಸರ್ವೆಯವರು ಅದನ್ನು ನೆಲದ ಏರು ಎಂದು ಗುರುತಿಸಿದ್ದರು. ರಾಯಚೂರು ಕಡೆಯಿಂದ ಬಂದು ಅಲ್ಲಿ ನೆಲೆಸಿದ್ದ ಹಿರಿಯ ಮೀನುಗಾರರೊಬ್ಬರು ನಕ್ಷೆಯ ಮೇಲೆ ಬೆರಳಿಟ್ಟು, "ಸಾಹೇಬ್ರ, ಇಲ್ಲಿ ನಾವು ಬಲಿ ಬಿಡಂಗಿಲ್ರೀ. ಕೆಳಗ ಹಳೇ ಊರಿನ ಗ್ವಾಡಿ ಐತಿ, ಹರಿದು ಬರ್ತೈತಿ" ಎಂದರು. ಮುಳುಗುಗಾರರನ್ನು ಇಳಿಸಿದೆವು. ಹೂಳುನೀರಿನಲ್ಲಿ ಅವರಿಗೆ ತಮ್ಮ ಕೈಯೇ ಕಾಣುವುದಿಲ್ಲ, ಎಲ್ಲ ತಡವಿಯೇ ತಿಳಿಯಬೇಕು. ಮೇಲೆ ಬಂದವನು ತೋಳಿನಷ್ಟು ದಪ್ಪದ ಗೋಡೆ ಎಂದು ಅಳತೆ ತೋರಿಸಿದ. ಕಲ್ಲಿನ ಅಂಚುಗಳು ಇನ್ನೂ ಚೂಪಾಗಿಯೇ ಇದ್ದವು. ನಾಲ್ಕು ಹಗ್ಗಗಳು ಅದರ ಮೇಲೆ ಹಾದುಹೋಗುವಂತೆ ವಿನ್ಯಾಸದಲ್ಲಿತ್ತು. ಹಾಗೆಯೇ ಕಟ್ಟಿದ್ದರೆ, ಗಾಳಿಗೆ ದ್ವೀಪ (ಒಟ್ಟಿಗೆ ಜೋಡಿಸಿದ ಫ್ಲೋಟುಗಳ ಗುಂಪನ್ನು ನಾವು ಹಾಗೆನ್ನುತ್ತೇವೆ) ಆಡುತ್ತಿದ್ದಂತೆ ಆ ಹಗ್ಗಗಳು ಕಲ್ಲಿನ ಮೇಲೆ ಹಗಲೂ ರಾತ್ರಿ ಉಜ್ಜುತ್ತಿದ್ದವು. ಅವುಗಳ ದಿಕ್ಕು ಬದಲಿಸಿದೆವು. ಯಾವ ಯಂತ್ರವೂ ಹೇಳದ ಮಾತು ಅದು, ಚಹಾ ಕುಡಿಯುತ್ತ ಬಂದದ್ದು.

3. ಹತ್ತು ಟನ್ನಿನ ದಿಮ್ಮಿ ನೀರಿನಲ್ಲಿ ಹತ್ತು ಟನ್ ಅಲ್ಲ

ಲೆಕ್ಕ ಸರಳವಾದರೂ ದಂಡೆಯ ಮೇಲೆ ಕ್ರೇನಿನಲ್ಲಿ ತೂಗುವ ದಿಮ್ಮಿಯನ್ನು ನೋಡುವಾಗ ಮರೆತುಹೋಗುತ್ತದೆ. ಕಾಂಕ್ರೀಟು ಘನ ಮೀಟರಿಗೆ ಸುಮಾರು 2,400 ಕಿಲೋ. ಅಷ್ಟೇ ಗಾತ್ರದ ನೀರು 1,000 ಕಿಲೋ. ಅಷ್ಟು ಭಾರವನ್ನು ನೀರೇ ಹೊತ್ತುಕೊಳ್ಳುತ್ತದೆ. ಹತ್ತು ಟನ್ನಿನ ದಿಮ್ಮಿ ತಳ ಮುಟ್ಟುವ ಹೊತ್ತಿಗೆ ಆರು ಟನ್ನಿಗೂ ಕಡಿಮೆ ತೂಗುತ್ತದೆ. ಹಗ್ಗ ಅದನ್ನು ಎಳೆಯುವುದು ಅಡ್ಡಕ್ಕೆ. ಅಡ್ಡಕ್ಕೆ ತಡೆಯುವುದು ತಳದೊಂದಿಗಿನ ತಿಕ್ಕಾಟ. ಗಟ್ಟಿ ನೆಲದಲ್ಲಿ ಅದು ತೂಕದ ಅರ್ಧದಷ್ಟು ಎಂದಿಟ್ಟುಕೊಂಡರೂ ಮೂರು ಟನ್ ಆಸುಪಾಸು. ಜಾರುವ ಕೆಸರಿನಲ್ಲಿ ಇನ್ನೂ ಕಡಿಮೆ, ಇಳಿಜಾರಿನಲ್ಲಿ ಮತ್ತೂ ಕಡಿಮೆ. ಹಗ್ಗ ಕಡಿದಾಗಿದ್ದರೆ ಅದು ದಿಮ್ಮಿಯನ್ನು ಮೇಲಕ್ಕೂ ಎತ್ತುತ್ತದೆ, ಆಗ ಉಳಿದ ಹಿಡಿತವೂ ಸಡಿಲ.

ಆದ್ದರಿಂದ ದಿಮ್ಮಿಗಳನ್ನು ಇಳಿಸಿದ ಮೇಲೆ ಕೆಲವನ್ನಾದರೂ ದೋಣಿ ಅಥವಾ ವಿಂಚಿನಿಂದ ಎಳೆದು ನೋಡಲೇಬೇಕು. ವಿನ್ಯಾಸದ ಬಲಕ್ಕೆ ಎಳೆದಾಗ ಸರಿದರೆ ಕಾಗದದ ಮೇಲಿನ ಲೆಕ್ಕಕ್ಕೆ ಬೆಲೆಯಿಲ್ಲ. ಕಂಟ್ರಾಕ್ಟರುಗಳು ಈ ಪರೀಕ್ಷೆಗೆ ಸಮಯ ಹಿಡಿಯುತ್ತದೆ ಎಂದು ಗೊಣಗುತ್ತಾರೆ. ಟೆಂಡರಿನಲ್ಲೇ ಬರೆದಿದ್ದರೆ ಗೊಣಗಾಟ ಇರುವುದಿಲ್ಲ.

4. ಹಗ್ಗ ಉದ್ದವಾಗಿರಲಿ, ಮಲಗಿರಲಿ

ನೀರಿನ ಮಟ್ಟ ಇಳಿದಾಗ ಹಗ್ಗ ಸಡಿಲವಾಗಿ ದ್ವೀಪ ಅತ್ತಿತ್ತ ಅಲೆಯುತ್ತದೆ. ಎಷ್ಟು ಅಲೆಯುತ್ತದೆ ಎಂಬುದು ಹಗ್ಗದ ಓರೆಯ ಮೇಲಿದೆ. ಒಂದು ಉದಾಹರಣೆ. ತುಂಬಿದಾಗ ಆಳ 15 ಮೀಟರ್, ಬೇಸಿಗೆಯಲ್ಲಿ 8 ಮೀಟರ್ ಎಂದುಕೊಳ್ಳಿ. ದಿಮ್ಮಿಯನ್ನು ದ್ವೀಪದಿಂದ 15 ಮೀಟರ್ ದೂರದಲ್ಲಿ ಇಟ್ಟರೆ ಹಗ್ಗ 21 ಮೀಟರಿಗಿಂತ ತುಸು ಉದ್ದ. ಬೇಸಿಗೆಯಲ್ಲಿ ದ್ವೀಪ ನಾಲ್ಕೂವರೆ ಮೀಟರಿಗೂ ಹೆಚ್ಚು ಸರಿದಾಡಬಹುದು. ಅದೇ ದಿಮ್ಮಿಯನ್ನು 45 ಮೀಟರ್ ದೂರಕ್ಕೆ ಒಯ್ದರೆ ಹಗ್ಗ 47 ಮೀಟರ್ ದಾಟುತ್ತದೆ, ಆದರೆ ಸರಿದಾಟ ಎರಡು ಮೀಟರಿಗಿಂತ ಕಡಿಮೆ. ಹಗ್ಗಕ್ಕೆ ಇಮ್ಮಡಿಗಿಂತ ಹೆಚ್ಚು ಖರ್ಚು ಮಾಡಿ ಕೇಬಲನ್ನೂ ಪಕ್ಕದ ದ್ವೀಪವನ್ನೂ ಉಳಿಸಿಕೊಂಡಂತಾಯಿತು. ಖರೀದಿ ವಿಭಾಗದವರಿಗೆ ಈ ಲೆಕ್ಕವನ್ನು ಚಿತ್ರ ಬರೆದು ತೋರಿಸಿದರೆ ಒಪ್ಪುತ್ತಾರೆ.

ರಾಮಗುಂಡಂನಲ್ಲಿ ಎಚ್‌ಎಂಪಿಇ ಎಂಬ ಗಟ್ಟಿ ಹಗ್ಗ ಬಳಸಿ ತಳದ ದಿಮ್ಮಿಗಳಿಗೆ ಕಟ್ಟಿದ್ದಾರೆ. ಹಗುರ, ತುಕ್ಕಿನ ಮಾತಿಲ್ಲ. ಆದರೆ ಯಾವ ಹಗ್ಗವಾದರೂ ಸಾಯುವುದು ನಡುವಿನಲ್ಲಲ್ಲ, ತುದಿಯಲ್ಲಿ. ಶ್ಯಾಕಲ್ ಎಂಬ ಕೊಂಡಿ ಸೇರುವಲ್ಲಿ, ಗಂಟಿನಲ್ಲಿ, ಕಬ್ಬಿಣದ ಅಂಚಿಗೆ ತಾಗುವಲ್ಲಿ. ಶ್ಯಾಕಲ್ಲಿನ ಪಿನ್ನು ಅಲೆಯ ಸಣ್ಣ ಅಲುಗಾಟಕ್ಕೇ ತಿಂಗಳುಗಳಲ್ಲಿ ತಾನಾಗಿ ತಿರುಚಿ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ತಂತಿ ಸುತ್ತಿ ಬಿಗಿಯುವ ಕೆಲಸವನ್ನು ಯಾರು ಮಾಡಿದರು, ಯಾರು ನೋಡಿದರು ಎಂದು ಇಬ್ಬರ ಸಹಿ ಇರಬೇಕು.

5. ಗಾಳಿಯ ಹೊರೆ ಎಲ್ಲ ಹಗ್ಗಗಳಿಗೂ ಸಮನಾಗಿ ಹಂಚಿಹೋಗುವುದಿಲ್ಲ

ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಕು ಪಟ್ಟು. ಕಟ್ಟಡಗಳಿಗೆ ನಾವೆಲ್ಲ ಬಳಸುವ ಐಎಸ್ 875 ಮಾನಕದ ಮೂರನೇ ಭಾಗದಲ್ಲಿ ಬೆಂಗಳೂರಿಗೆ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ವಿಶಾಖಪಟ್ಟಣಕ್ಕೆ 50. ಅಂಕಿ ಒಂದೂವರೆ ಪಟ್ಟು, ಒತ್ತಡ ಎರಡು ಪಟ್ಟಿಗೂ ಮೀರಿ. ಒಂದು ಸೈಟಿನ ವಿನ್ಯಾಸವನ್ನು ಹಾಗೆಯೇ ಎತ್ತಿ ಇನ್ನೊಂದರಲ್ಲಿ ಇಡಬಾರದು ಎನ್ನುವುದು ಇದಕ್ಕೇ.

ಜಪಾನಿನ ಚಿಬಾ ಪ್ರಾಂತದ ಯಮಾಕುರಾ ಜಲಾಶಯದಲ್ಲಿ 13.7 ಮೆಗಾವ್ಯಾಟಿನ ಸ್ಥಾವರವಿತ್ತು, ಐವತ್ತು ಸಾವಿರಕ್ಕೂ ಹೆಚ್ಚು ಪ್ಯಾನೆಲ್. 2019ರ ಸೆಪ್ಟೆಂಬರ್ 9ರಂದು ಫಾಕ್ಸಾಯ್ ಎಂಬ ಚಂಡಮಾರುತ ಬೀಸಿದಾಗ ಆಂಕರುಗಳು ಕಿತ್ತುಬಂದು, ಪ್ಯಾನೆಲ್‌ಗಳು ಒಂದರ ಮೇಲೊಂದು ರಾಶಿ ಬಿದ್ದು, ಆ ರಾಶಿಗೆ ಬೆಂಕಿ ಹತ್ತಿತು. ನೀರಿನ ನಡುವೆ ಬೆಂಕಿ ಹೇಗೆ ಎಂದು ಕೇಳಿದವರಿದ್ದಾರೆ. ಬಿಸಿಲು ಇರುವವರೆಗೆ ಪ್ಯಾನೆಲ್ ವಿದ್ಯುತ್ ಕೊಡುತ್ತಲೇ ಇರುತ್ತದೆ, ಅದಕ್ಕೆ ಸ್ವಿಚ್ಚಿಲ್ಲ. ತುಂಡಾದ ಕೇಬಲ್ಲಿನ ತುದಿಗಳ ನಡುವೆ ಕಿಡಿ ಹಾರುತ್ತದೆ, ಸುತ್ತ ಇರುವುದೆಲ್ಲ ಪ್ಲಾಸ್ಟಿಕ್ಕು. ಈ ಕೆಲಸಕ್ಕೆ ಬರುವ ಪ್ರತಿ ಎಂಜಿನಿಯರನೂ ಆ ಚಿತ್ರಗಳನ್ನು ನೋಡಬೇಕು ಎನ್ನುತ್ತೇನೆ.

ಸರಾಸರಿ ಲೆಕ್ಕ ಮೋಸ ಮಾಡುವುದು ಇಲ್ಲೇ. ಒಟ್ಟು ಗಾಳಿಬಲವನ್ನು ಹಗ್ಗಗಳ ಸಂಖ್ಯೆಯಿಂದ ಭಾಗಿಸಿದರೆ ಸುಂದರವಾದ ಉತ್ತರ ಬರುತ್ತದೆ. ವಾಸ್ತವದಲ್ಲಿ ಗಾಳಿಗೆ ಎದುರಾದ ಅಂಚಿನ ಹಗ್ಗಗಳೇ ಬಹುಪಾಲು ಹೊರುತ್ತವೆ. ಗಾಳಿ ಮೂಲೆಯಿಂದ ಬಂದರೆ ಆ ಮೂಲೆಯ ಕೆಲವೇ ಹಗ್ಗಗಳು. ಅವುಗಳಲ್ಲಿ ಬಿಗಿಯಾಗಿರುವುದು ಮೊದಲು ಹೊರೆ ಎತ್ತುತ್ತದೆ, ಸಡಿಲ ಇರುವುದು ಸುಮ್ಮನಿರುತ್ತದೆ. ಒಂದು ಹರಿದರೆ ಅದರ ಪಾಲು ಪಕ್ಕದ್ದಕ್ಕೆ, ಅದೂ ಹರಿದರೆ ಮುಂದಿನದಕ್ಕೆ. ಹಾಗಾಗಿ ಯಾವುದೇ ಒಂದು ಹಗ್ಗ ಇಲ್ಲದಾಗಲೂ ದ್ವೀಪ ನಿಲ್ಲಬೇಕು ಎಂದು ಲೆಕ್ಕ ಕಟ್ಟಬೇಕು. ದ್ವೀಪದ ಆಕಾರ ಆದಷ್ಟು ಚೌಕವಾಗಿ, ಒಳಮೂಲೆಗಳಿಲ್ಲದೆ ಇರಬೇಕು. ಗಾಳಿಗೆದುರಾಗಿ ನೀರು ಎಷ್ಟು ದೂರ ಬಯಲಾಗಿದೆಯೋ ಅಲೆ ಅಷ್ಟು ಎತ್ತರಕ್ಕೆ ಬೆಳೆಯುತ್ತದೆ. ಆ ಬದಿಯ ಹೊರ ಸಾಲಿನಲ್ಲಿ ಪ್ಯಾನೆಲ್ ಇಲ್ಲದ ಬರೀ ಫ್ಲೋಟುಗಳನ್ನು ಕಟ್ಟಿದರೆ ಒಳಗಿನವಕ್ಕೆ ಪೆಟ್ಟು ಕಡಿಮೆ.

ಮಟ್ಟ ಇಳಿದಾಗ ಮತ್ತು ಮೊದಲ ತುಂಬುವಿಕೆಯ ನಂತರ, ಈ ಎರಡು ಹೊತ್ತಿನಲ್ಲಿ ಹಗ್ಗಗಳ ಬಿಗಿ ಅಳೆದು ಸರಿಪಡಿಸುವುದು ನಿರ್ವಹಣೆಯ ಅತಿ ಮುಖ್ಯ ಕೆಲಸ. ಪ್ಯಾನೆಲ್ ತೊಳೆಯುವುದು ಇದರ ನಂತರ.

6. ದಂಡೆಯ ಜಾಗ ಚಿಕ್ಕದಾದರೆ ನೀರಿನ ಕೆಲಸವೂ ನಿಧಾನ

ಫ್ಲೋಟುಗಳ ಒಳಗಿರುವುದು ಗಾಳಿ. ಒಂದು ಲಾರಿ ತುಂಬ ತಂದರೂ ತೂಕ ಕಡಿಮೆ, ಜಾಗ ಪೂರ್ತಿ. ದೂರದ ಕಾರ್ಖಾನೆಯಿಂದ ತರಿಸಿದರೆ ಸಾಗಣೆಯ ಖರ್ಚೇ ಯೋಜನೆಯ ಬೆನ್ನು ಮುರಿಯುತ್ತದೆ. ಸೈಟಿನ ಹತ್ತಿರವೇ ಅಚ್ಚುಯಂತ್ರ ಇಟ್ಟು ಮಾಡಿಸುವ ದಾರಿ ಅದಕ್ಕೇ ಹುಟ್ಟಿದ್ದು.

ಜೋಡಣೆ ನಡೆಯುವುದು ದಂಡೆಯ ರ್‍ಯಾಂಪಿನಲ್ಲಿ. ಒಂದು ಸಾಲು ಫ್ಲೋಟು, ಅದರ ಮೇಲೆ ಪ್ಯಾನೆಲ್, ಬಿಗಿದು ನೀರಿಗೆ ತಳ್ಳುವುದು, ಹಿಂದೆಯೇ ಮುಂದಿನ ಸಾಲು. ರ್‍ಯಾಂಪಿನ ಇಳಿಜಾರು ಕಡಿದಾದರೆ ಸಾಲು ಜಾರಿ ಓಡುತ್ತದೆ, ಸಪಾಟಾದರೆ ಎಷ್ಟು ಜನ ತಳ್ಳಿದರೂ ಹೋಗುವುದಿಲ್ಲ. ನೀರು ಇಳಿದರೆ ರ್‍ಯಾಂಪನ್ನೂ ಉದ್ದ ಮಾಡಬೇಕು. ಜೋಡಿಸಿದ ಭಾಗವನ್ನು ದೋಣಿಗಳಿಂದ ಎಳೆದೊಯ್ಯುವ ಕೆಲಸ ಬೆಳಗಿನ ಜಾವವೇ ಮುಗಿಯಬೇಕು. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ. ಕಟ್ಟದೆ ಬಿಟ್ಟ ಅರ್ಧ ದ್ವೀಪವನ್ನು ಹಿಡಿಯಲು ದೋಣಿಗಳಿಗೆ ಆಗದು. ಸಂಜೆಯ ಹೊತ್ತಿಗೆ ನೀರಿನ ಮೇಲಿರುವ ಪ್ರತಿ ತುಂಡಿಗೂ ತಾತ್ಕಾಲಿಕ ಆಂಕರ್ ಬಿದ್ದಿರಬೇಕು. ಕಟ್ಟುವ ಅವಧಿಯಲ್ಲಿ ಬರುವ ಬಿರುಗಾಳಿ ಕಟ್ಟಿ ಮುಗಿದ ಸ್ಥಾವರಕ್ಕೆ ಬರುವುದಕ್ಕಿಂತ ಅಪಾಯ.

7. ಪ್ಲಾಸ್ಟಿಕ್ಕು ಹಿಗ್ಗುತ್ತದೆ, ಅಲ್ಯುಮಿನಿಯಂ ಅಷ್ಟು ಹಿಗ್ಗುವುದಿಲ್ಲ

ಎಚ್‌ಡಿಪಿಇ ಎಂಬ ಫ್ಲೋಟಿನ ಪ್ಲಾಸ್ಟಿಕ್ಕು ಬಿಸಿಗೆ ಹಿಗ್ಗುವ ಪ್ರಮಾಣ ಪ್ಯಾನೆಲ್ ಚೌಕಟ್ಟಿನ ಅಲ್ಯುಮಿನಿಯಂಗಿಂತ ಹಲವು ಪಟ್ಟು ಹೆಚ್ಚು. ಎರಡನ್ನೂ ಬಿಗಿಯಾಗಿ ಸ್ಕ್ರೂ ಹಾಕಿ ಕಟ್ಟಿದರೆ ದಿನದಿನದ ಹಿಗ್ಗು ಕುಗ್ಗಿಗೆ ರಂಧ್ರ ದೊಡ್ಡದಾಗುತ್ತದೆ, ಸ್ಕ್ರೂ ಸಡಿಲವಾಗುತ್ತದೆ. ಜಾರಲು ಸ್ವಲ್ಪ ಎಡೆ ಇರುವ ಜೋಡಣೆಯೇ ಬಾಳುತ್ತದೆ. ಫ್ಲೋಟಿನ ಗುಣಮಟ್ಟವನ್ನು ಕಾಗದದಲ್ಲಿ ಒಪ್ಪದೆ, ಬಂದ ಪ್ರತಿ ಕಂತಿನಿಂದ ಕೆಲವನ್ನು ಕೊಯ್ದು ಮೂಲೆಗಳಲ್ಲಿ ಗೋಡೆಯ ದಪ್ಪ ಅಳೆಯಿರಿ. ಅಚ್ಚಿನಲ್ಲಿ ಊದುವಾಗ ಮೂಲೆಯೇ ಮೊದಲು ತೆಳುವಾಗುವುದು.

8. ಇಬ್ಬನಿ ಬಿದ್ದ ಬೆಳಗ್ಗೆ ಇನ್ವರ್ಟರ್ ಏಳದಿದ್ದರೆ

ನೆಲದ ಸ್ಥಾವರಗಳಿಂದ ಬಂದವರಿಗೆ ಇದು ಹೊಸದು. ಸೂರ್ಯ ಬಂದಿದ್ದಾನೆ, ವೋಲ್ಟೇಜ್ ಇದೆ, ಇನ್ವರ್ಟರ್ ಮಾತ್ರ ನಿರೋಧಕತೆ ಕಡಿಮೆ ಎಂದು ತೋರಿಸಿ ಸುಮ್ಮನಿದೆ. ಎಲ್ಲೋ ಒಂದು ಕಡೆ ತೇವ ಹೊಕ್ಕಿದೆ. ಬಿಸಿಲೇರಿದಂತೆ ತೇವ ಆರಿ, ತಡವಾಗಿ ಅದು ತಾನಾಗಿ ಎದ್ದುಬಿಡುತ್ತದೆ. ಎದ್ದಿತಲ್ಲ ಎಂದು ಬಿಟ್ಟರೆ ದಿನವೂ ಬೆಳಗಿನ ವಿದ್ಯುತ್ ಹೋಗುತ್ತದೆ, ಕಡೆಗೆ ಒಂದು ದಿನ ಕೇಬಲ್ಲೇ ಹೋಗುತ್ತದೆ.

ಹುಡುಕುವ ದಾರಿ ಒಂದೇ. ನಸುಕಿನಲ್ಲೇ ನಿರೋಧಕತೆ ಅಳೆಯುವ ಮೆಗರ್ ಹಿಡಿದು ದೋಣಿ ಹತ್ತಬೇಕು, ತೇವ ಆರುವ ಮೊದಲು. ಕಾಂಬೈನರ್ ಬಾಕ್ಸಿನಲ್ಲಿ ಒಂದೊಂದೇ ಸ್ಟ್ರಿಂಗ್ (ಪ್ಯಾನೆಲ್ ಸರಣಿ) ಬಿಡಿಸಿ ಅಳೆಯುತ್ತ ಹೋದರೆ ಒಂದರಲ್ಲಿ ಮುಳ್ಳು ಬೀಳುತ್ತದೆ. ಆಮೇಲೆ ಆ ಸಾಲಿನ ಉದ್ದಕ್ಕೂ ಮಂಡಿಯೂರಿ, ಪ್ಯಾನೆಲ್ ಅಡಿಗೆ ಕೈಯಿಟ್ಟು ಕನೆಕ್ಟರುಗಳನ್ನು ನೋಡಬೇಕು. ಹಾಗೆ ಸಿಕ್ಕ ಒಂದು ಕನೆಕ್ಟರ್ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅದನ್ನು ಎತ್ತಿ ಕಟ್ಟಿದ್ದ ಟೈ ಬಿಸಿಲಿಗೆ ಸೀಳಿ ತುಂಡಾಗಿತ್ತು. ಕೇಬಲ್ ಜೋತು, ಕನೆಕ್ಟರ್ ಎರಡು ಫ್ಲೋಟುಗಳ ಸಂದಿನಲ್ಲಿ ಪ್ರತಿ ಅಲೆಗೂ ನೀರಿಗೆ ಅದ್ದುತ್ತಿತ್ತು. ಹೊರಗೆ ಹಸಿರು ಪಾಚಿ. ಬಿಚ್ಚಿದಾಗ ಒಳಗಿಂದ ಒಂದು ತೊಟ್ಟು ನೀರು ಬಿತ್ತು, ಲೋಹದ ತುದಿ ನೀಲಿಹಸಿರಾಗಿತ್ತು. ಕೆಲವು ಪೈಸೆಯ ಟೈ ಒಂದು ಇನ್ವರ್ಟರನ್ನು ಬೆಳಬೆಳಗ್ಗೆ ನಿಲ್ಲಿಸಿತ್ತು.

ಅಲ್ಲಿಂದ ಬಂದ ಕಟ್ಟುಪಾಡುಗಳು: ಬಿಸಿಲು ತಡೆಯುವ ಟೈ ಮಾತ್ರ, ಅಥವಾ ಸ್ಟೀಲಿನ ಕ್ಲಿಪ್ಪು. ಕನೆಕ್ಟರ್ ನೀರಿನಿಂದ ಎತ್ತರದಲ್ಲಿ, ಬಾಯಿ ಮೇಲಾಗದಂತೆ. ಎರಡು ದ್ವೀಪಗಳ ನಡುವೆ, ದ್ವೀಪ ಮತ್ತು ದಂಡೆಯ ನಡುವೆ, ಕೇಬಲ್ಲಿಗೆ ಮಟ್ಟದ ಏರಿಳಿತಕ್ಕೆ ಸಾಕಾಗುವಷ್ಟು ಸಡಿಲು. ಸಡಿಲು ಇದ್ದ ಕೇಬಲ್ ಫ್ಲೋಟಿನ ಅಂಚಿಗೆ ಉಜ್ಜದಂತೆ ಅದಕ್ಕೇ ಬೇರೆ ತೇಲುದಾರಿ. ಒಂದೇ ಯೋಜನೆಯಲ್ಲಿ ಎರಡು ಕಂಪನಿಗಳ ಕನೆಕ್ಟರುಗಳನ್ನು ಒಂದಕ್ಕೊಂದು ಸಿಕ್ಕಿಸಬಾರದು. ಕೂತಂತೆ ಕಾಣುತ್ತದೆ, ನೀರು ತಡೆಯುವುದಿಲ್ಲ.

9. ಇನ್ವರ್ಟರ್ ನೀರಿನ ಮೇಲೋ ದಂಡೆಯಲ್ಲೋ

ರಾಮಗುಂಡಂನಲ್ಲಿ ಇನ್ವರ್ಟರ್, ಟ್ರಾನ್ಸ್‌ಫಾರ್ಮರ್, ಎಚ್‌ಟಿ ಪ್ಯಾನೆಲ್, ಸ್ಕಾಡಾ ಎಲ್ಲವೂ ಫೆರೋಸಿಮೆಂಟಿನ ತೇಲುವೇದಿಕೆಗಳ ಮೇಲಿವೆ. ಅಷ್ಟು ದೊಡ್ಡ ನೀರಿನಲ್ಲಿ ಡಿಸಿ ಕೇಬಲನ್ನು ದಂಡೆಯವರೆಗೆ ಎಳೆದರೆ ದಾರಿಯಲ್ಲೇ ನಷ್ಟ ಹೆಚ್ಚು, ಹಾಗಾಗಿ ಅದು ಸರಿಯಾದ ನಿರ್ಧಾರ. ಚಿಕ್ಕ ಸ್ಥಾವರಕ್ಕೆ ದಂಡೆಯೇ ಮೇಲು. ರಾತ್ರಿ ಟ್ರಿಪ್ ಆದಾಗ ನಡೆದುಹೋಗಿ ನೋಡಬಹುದಾದ ಜಾಗಕ್ಕೂ ದೋಣಿ ಹತ್ತಿ ಹೋಗಬೇಕಾದ ಜಾಗಕ್ಕೂ ಅಂತರ ಬಹಳ. ಅರ್ಥಿಂಗ್ ಬಗ್ಗೆ ಒಂದು ಮಾತು: ತೇಲುವ ಕಬ್ಬಿಣವೆಲ್ಲ ಒಂದಕ್ಕೊಂದು ತಾಮ್ರದ ಹೆಣಿಗೆಯಿಂದ ಸೇರಿ, ಆ ಕೊಂಡಿ ಅಲುಗಾಟಕ್ಕೆ ತುಂಡಾಗದಂತೆ ಇರಬೇಕು. ನೀರಿನಲ್ಲಿದೆಯಲ್ಲ, ಅದೇ ಅರ್ಥ್ ಆಗುತ್ತದೆ ಎನ್ನುವವರ ಮಾತಿಗೆ ಕಿವಿಗೊಡಬೇಡಿ.

10. ತಂಪಿನ ಲಾಭವನ್ನು ಹಿಗ್ಗಿಸಿ ಹೇಳಬೇಡಿ

ನೀರಿನ ಮೇಲಿನ ಪ್ಯಾನೆಲ್ ತಂಪಾಗಿದ್ದು ಹೆಚ್ಚು ವಿದ್ಯುತ್ ಕೊಡುತ್ತದೆ ಎಂಬುದು ನಿಜ. ಎಷ್ಟು? ಸಿಲಿಕಾನ್ ಪ್ಯಾನೆಲ್ ಒಂದು ಡಿಗ್ರಿ ಕಾದರೆ ಸುಮಾರು ಶೇ 0.35ರಿಂದ 0.4 ಕಳೆದುಕೊಳ್ಳುತ್ತದೆ. ಹತ್ತು ಡಿಗ್ರಿ ತಂಪಾಗಿದ್ದರೆ ಶೇ 4ರ ಒಳಗೆ ಲಾಭ. ಪ್ಯಾನೆಲ್ ಅಡಿಯಲ್ಲಿ ಬಯಲು ನೀರು, ಗಾಳಿ ಆಡುವ ಎಡೆ ಇದ್ದರೆ ಇಷ್ಟು ಸಿಗುತ್ತದೆ. ಫ್ಲೋಟುಗಳೇ ನೀರನ್ನು ಪೂರ್ತಿ ಮುಚ್ಚಿದ್ದರೆ ಪ್ಲಾಸ್ಟಿಕ್ಕಿನ ಮೇಲೆ ಮಲಗಿದ ಪ್ಯಾನೆಲ್‌ಗೆ ಅಷ್ಟು ತಂಪು ತಾಗುವುದಿಲ್ಲ. ಜೊತೆಗೆ ಗಾಳಿಯ ಹೊಡೆತ ತಪ್ಪಿಸಲು ಪ್ಯಾನೆಲನ್ನು ಕಡಿಮೆ ಓರೆಯಲ್ಲಿ ಇಡುತ್ತೇವೆ, ಅದರಿಂದ ಒಂದಿಷ್ಟು ಕಳೆಯುತ್ತದೆ. ಬ್ಯಾಂಕಿಗೆ ಕೊಡುವ ವರದಿಯಲ್ಲಿ ಎರಡಂಕಿಯ ಲಾಭ ಬರೆದವರನ್ನು ನೋಡಿದ್ದೇನೆ. ಮೂರನೆಯ ವರ್ಷ ಉತ್ತರ ಕೊಡಬೇಕಾದವನು ಸೈಟಿನಲ್ಲಿ ಕೂತವನು.

ಆವಿ ತಡೆಯುವ ಲೆಕ್ಕವೂ ಹಾಗೆಯೇ. ರಾಮಗುಂಡಂನಲ್ಲಿ ವರ್ಷಕ್ಕೆ ಸುಮಾರು 32.5 ಲಕ್ಷ ಘನ ಮೀಟರ್ ನೀರು ಆವಿಯಾಗುವುದು ತಪ್ಪುತ್ತದೆ ಎಂದು ಸರ್ಕಾರದ ಪ್ರಕಟಣೆ ಹೇಳಿತ್ತು. 500 ಎಕರೆಗೆ ಹರಡಿದರೆ ಅದು ಒಂದೂವರೆ ಮೀಟರಿಗೂ ಹೆಚ್ಚು ಎತ್ತರದ ನೀರು. ಬ್ಲಾಕುಗಳ ನಡುವೆ ದೋಣಿ ಓಡಾಡಲು ಖಾಲಿ ನೀರು ಬೇಕೇ ಬೇಕಾದ್ದರಿಂದ ನಾನು ಅದನ್ನು ಗರಿಷ್ಠ ಅಂದಾಜು ಎಂದೇ ಓದುತ್ತೇನೆ. ಅದರ ಅರ್ಧ ಉಳಿದರೂ ಆ ಬಿಸಿಲುಸೀಮೆಗೆ ಅದು ದೊಡ್ಡ ಉಳಿತಾಯ.

ಹಿಗ್ಗಿಸದೆ ಹೇಳಬಹುದಾದ ಲಾಭ ನೆಲದ್ದು. ಪಾವಗಡದ 2,050 ಮೆಗಾವ್ಯಾಟಿಗೆ ರೈತರಿಂದ ಸುಮಾರು 13,000 ಎಕರೆ ಗುತ್ತಿಗೆ ಪಡೆಯಬೇಕಾಯಿತು. ಜಲಾಶಯದಲ್ಲಿ ಯಾರ ಹೊಲವೂ ಹೋಗುವುದಿಲ್ಲ. ಜಲವಿದ್ಯುತ್ ಇರುವಲ್ಲಿ ಇನ್ನೊಂದು ಅನುಕೂಲ: ಲೈನ್ ಆಗಲೇ ಇದೆ. ಹಗಲು ಸೂರ್ಯನದು, ಸಂಜೆಯ ಮೇಲೆ ನೀರಿನದು. ಥಾಯ್ಲೆಂಡಿನ ಸಿರಿಂಧಾರ್ನ್ ಅಣೆಕಟ್ಟಿನಲ್ಲಿ 2021ರಿಂದ 45 ಮೆಗಾವ್ಯಾಟ್ ತೇಲುವ ಸೌರಶಕ್ತಿಯನ್ನು ಜಲವಿದ್ಯುತ್ತಿಗೆ ಜೋಡಿಸಿ ನಡೆಸುತ್ತಿರುವುದು ಹೀಗೆ.

11. ಹಕ್ಕಿಗಳು ಬರುತ್ತವೆ

ನೀರಿನ ನಡುವೆ ನಾಯಿ, ಮನುಷ್ಯರ ಕಾಟವಿಲ್ಲದ ಸಾಲು ಸಾಲು ಕಟ್ಟೆ ಸಿಕ್ಕರೆ ನೀರುಕಾಗೆ, ಬೆಳ್ಳಕ್ಕಿಗಳು ಬಿಡುತ್ತವೆಯೇ? ಹಿಕ್ಕೆ ಬಿದ್ದ ಜಾಗ ನೆರಳಾಗಿ, ಅಲ್ಲಿ ಪ್ಯಾನೆಲ್ ಕಾದು ಸುಡುತ್ತದೆ. ಕಡಿಮೆ ಓರೆಯಿಂದಾಗಿ ಮಳೆಯೂ ಪೂರ್ತಿ ತೊಳೆಯುವುದಿಲ್ಲ. ಮೊದಮೊದಲು ಪಟಾಕಿ, ಬಣ್ಣದ ಪಟ್ಟಿ ಎಂದು ಪ್ರಯತ್ನಿಸುತ್ತಾರೆ. ಹಕ್ಕಿಗಳು ಬೇಗ ಅಭ್ಯಾಸ ಮಾಡಿಕೊಳ್ಳುತ್ತವೆ. ಅಂಚಿನಲ್ಲಿ ಪ್ಯಾನೆಲ್‌ಗಿಂತ ಎತ್ತರದ ಖಾಲಿ ಕೂರುಗಂಬಗಳನ್ನು ಕೊಡುವುದು, ಹೆಚ್ಚು ಕೂರುವ ಸಾಲುಗಳನ್ನು ಹೆಚ್ಚು ಸಲ ತೊಳೆಯುವುದು, ಇಷ್ಟರಲ್ಲೇ ಹೊಂದಿಕೊಂಡು ಹೋಗಬೇಕು. ಜಾಗ ಅವುಗಳದ್ದು ಮೊದಲು.

12. ನೀರಿನ ಮೇಲೆ ಬದುಕುವವರ ಜೊತೆ ಟೆಂಡರಿಗೆ ಮೊದಲೇ ಕೂತು ಮಾತಾಡಿ

ಕಡತದಲ್ಲಿ ಜಲಾಶಯ ಇಲಾಖೆಯದೋ ಕಂಪನಿಯದೋ ಆಗಿರುತ್ತದೆ. ನೀರಿನಲ್ಲಿ ಅದು ಮೀನುಗಾರರ ಸಂಘದ್ದು. ಅವರ ಬಲೆಯ ದಾರಿಗಳು, ಮೀನು ಮೊಟ್ಟೆಯಿಡುವ ಕೊರಕಲುಗಳು, ದೋಣಿ ಹತ್ತುವ ಕಡವು ಎಲ್ಲಿವೆ ಎಂದು ಕೇಳಿ, ಅವನ್ನು ಬಿಟ್ಟು ದ್ವೀಪಗಳನ್ನು ಹರಡಬೇಕು. ಪರಿಹಾರದ ಮಾತು ದ್ವೀಪ ತೇಲಿದ ಮೇಲೆ ಶುರುವಾದರೆ ಅದು ಜಗಳವಾಗಿಯೇ ಶುರುವಾಗುತ್ತದೆ. ಒಂದು ಯೋಜನೆಯಲ್ಲಿ ಹಾಗೇ ಆಗಿ, ತಿಂಗಳುಗಟ್ಟಲೆ ಕೆಲಸ ನಿಂತದ್ದನ್ನು ಕಂಡೆ. ಎರಡೂ ಕಡೆಯವರ ಸಿಟ್ಟು ನ್ಯಾಯವಾದದ್ದೇ ಆಗಿತ್ತು.

ಸ್ಥಾವರದ ಕಾಯಂ ಕೆಲಸಗಳನ್ನು ಅದೇ ಊರಿನ ಹುಡುಗರಿಗೆ ಕೊಡಿ ಎಂದು ನಾನು ಹಟ ಹಿಡಿಯುತ್ತೇನೆ. ದೋಣಿ ನಡೆಸುವುದು, ಹಗ್ಗ ನೋಡುವುದು, ಮುಳುಗಿ ಶ್ಯಾಕಲ್ ತಪಾಸಣೆ ಮಾಡುವುದು, ಇವಕ್ಕೆ ಅವರಷ್ಟು ನುರಿತವರು ಸಿಗುವುದಿಲ್ಲ. ಐಟಿಐ ಓದಿದ ಎಲೆಕ್ಟ್ರಿಷಿಯನ್ನರಿಗೆ ಈಜು ಬರುವುದಿಲ್ಲ. ಈಜು ಬರುವವರಿಗೆ ವಿದ್ಯುತ್ತಿನ ಪಾಠ ಹೇಳಿಕೊಡುವುದು ಸುಲಭ. ಲೈಫ್ ಜಾಕೆಟ್ ಇಲ್ಲದೆ ಯಾರೂ, ಎಂಜಿನಿಯರೂ, ನೋಡಲು ಬಂದ ದೊಡ್ಡ ಅಧಿಕಾರಿಯೂ, ದೋಣಿ ಹತ್ತುವಂತಿಲ್ಲ. ಒಬ್ಬನೇ ದ್ವೀಪದ ಮೇಲೆ ಇರುವಂತಿಲ್ಲ. ಗಾಳಿಮಾಪಕ ನಿಗದಿ ಮಾಡಿದ ಅಂಕಿ ದಾಟಿದರೆ ಕೆಲಸ ಎಷ್ಟೇ ಬಾಕಿ ಇದ್ದರೂ ಎಲ್ಲರೂ ದಂಡೆಗೆ. ಬೇಸಿಗೆಯಲ್ಲಿ ಪ್ಯಾನೆಲ್‌ಗಳ ನಡುವೆ ಮೇಲಿನ ಬಿಸಿಲೂ ಕೆಳಗಿನ ಪ್ರತಿಫಲನವೂ ಸೇರಿ ತಲೆ ಸುತ್ತಿಸುತ್ತದೆ; ಸುತ್ತ ನೀರಿದ್ದೂ ಕುಡಿಯುವ ನೀರು ಮರೆತು ಬಂದ ತಂಡವನ್ನು ವಾಪಸ್ ಕಳಿಸಬೇಕು.

13. ನಮ್ಮ ಜಲಾಶಯಗಳಿಗೆ ಬರುವ ಮುನ್ನ

ಮಧ್ಯಪ್ರದೇಶದ ಓಂಕಾರೇಶ್ವರದಲ್ಲಿ 600 ಮೆಗಾವ್ಯಾಟಿನ ಯೋಜನೆ ಹಂತ ಹಂತವಾಗಿ ಏಳುತ್ತಿರುವಾಗ ಕರ್ನಾಟಕದ ಜಲಾಶಯಗಳ ಮೇಲೂ ಕಣ್ಣು ಬೀಳುವುದು ಸಹಜ. ಬೀಳಲಿ ಎಂದೇ ನನ್ನ ಆಸೆ. ಆದರೆ ನೀರಿನ ಹರವು ನೋಡಿ ಮೆಗಾವ್ಯಾಟ್ ಎಣಿಸಬಾರದು. ತುಂಗಭದ್ರಾ ಹಿನ್ನೀರಿನ ಬದಿಯ ಅಂಕಸಮುದ್ರ ಪಕ್ಷಿಧಾಮ ಇಂದು ರಾಮ್ಸರ್ ತಾಣ, ಅಂದರೆ ಜಾಗತಿಕ ಮಹತ್ವದ ಜೌಗುನೆಲ. ಅಲ್ಲಿನ ಹಕ್ಕಿಗಳು ಮೇಯುವ ನೀರನ್ನು ಬಿಡಬೇಕು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ನೀರು ನುಗ್ಗಿಹೋದದ್ದನ್ನು ಎಲ್ಲರೂ ನೋಡಿದ್ದೇವೆ. ಅಂಥ ಹೊತ್ತಿನಲ್ಲಿ ಕಟ್ಟು ಬಿಚ್ಚಿದ ದ್ವೀಪವೊಂದು ಗೇಟುಗಳ ಕಡೆ ತೇಲಿಬಂದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ವಿನ್ಯಾಸದಲ್ಲೇ ಉತ್ತರ ಇರಬೇಕು. ಗೇಟಿನಿಂದ ದೂರ, ನಡುವೆ ತಡೆಯುವ ತೇಲುಬೇಲಿ, ಅಣೆಕಟ್ಟಿನ ಎಂಜಿನಿಯರಿಗೆ ಸ್ಥಾವರವನ್ನು ನಿಲ್ಲಿಸಿ ಎಂದು ಹೇಳುವ ಪೂರ್ಣ ಅಧಿಕಾರ, ಇವು ಮೂರೂ ಬೇಕು.

ಇನ್ನೊಂದು ವಿಷಯವನ್ನು ಒಪ್ಪಂದ ಬರೆಯುವಾಗಲೇ ಇತ್ಯರ್ಥ ಮಾಡಿಕೊಳ್ಳಬೇಕು. ಇಪ್ಪತ್ತೈದು ವರ್ಷ ಬಿಸಿಲು ತಿಂದ ಫ್ಲೋಟುಗಳನ್ನು ನೀರಿನಿಂದ ತೆಗೆಯುವವರು ಯಾರು, ಆ ಪ್ಲಾಸ್ಟಿಕ್ಕು ಮರುಬಳಕೆಗೆ ಹೋಗುವುದು ಎಲ್ಲಿಗೆ, ತಳದ ದಿಮ್ಮಿಗಳನ್ನು ಎತ್ತುವುದೋ ಬಿಡುವುದೋ, ಇದಕ್ಕೆಲ್ಲ ತಗಲುವ ದುಡ್ಡು ಯಾವ ಖಾತೆಯಲ್ಲಿ ಕೂಡುತ್ತ ಹೋಗುತ್ತದೆ. ಕುಡಿಯುವ ನೀರಿನ ಜಲಾಶಯವಾದರೆ ಈ ಷರತ್ತು ಇಲ್ಲದ ಟೆಂಡರಿಗೆ ಒಪ್ಪಿಗೆ ಕೊಡಲೇಬಾರದು.